ಗುಂಡಕಲ್ಲಿನ ಕಿವಿಯಲ್ಲಿ ಹೇಳಿದ ಹೆಸರು

ಈ ಸಲ ರೋಣದಲ್ಲಿ ಬಸ್ಸಿಳಿದವಳೇ ಸೀನಿದೆ. ದಾವಲಸಾಬರ ಅಂಗಡಿಯ ಮುಂದೆ ಹತ್ತಿಯ ಎಳೆಗಳು ಹಾರಾಡುತ್ತಿದ್ದವು, ಒಳಗೆ ಹತ್ತಿ ಪಿಂಜುವ ಅವರ ಕಮಾನು ಟೊಂಯ್ ಟೊಂಯ್ ಎನ್ನುತ್ತಿತ್ತು. ಆಗ ತಾನೇ ಪಿಂಜಿದ ಹತ್ತಿಗೊಂದು ವಾಸನೆ ಇರುತ್ತದೆ. ಬಿಸಿಲಿಗೆ ಕಾದ ಹೊಟ್ಟು, ಹತ್ತಿಕಾಳಿನ ಎಣ್ಣೆಯ ಪಸೆ, ಎರೆಮಣ್ಣಿನ ಧೂಳು, ಮೂರೂ ಕೂಡಿದ ವಾಸನೆ. ಹತ್ತಿಗೆ ವಾಸನೆಯೇ ಇಲ್ಲ ಎಂದು ಧಾರವಾಡದ ಹಾಸ್ಟೆಲಿನ ಗೆಳತಿಯೊಬ್ಬಳು ನನ್ನ ಜೊತೆ ವಾದಕ್ಕೆ ಇಳಿದಿದ್ದಳು. ಅವಳ ಮನೆಯ ಕೂಸು ಯಾವುದೂ ಹತ್ತಿಯೊಳಗೆ ಹುದುಗಿ ಬದುಕಿಲ್ಲ, ಅವಳಿಗೆ ಹೇಗೆ ಗೊತ್ತಾಗಬೇಕು?

ದಾವಲಸಾಬರು ತಲೆ ಎತ್ತಿ ನೋಡಿ ಕಮಾನು ನಿಲ್ಲಿಸಿದರು.

"ಬಂದ್ರೇನು ವಕೀಲಬಾಯಿ? ಸುಮ್ಮನ ಯಾಕ ನಿಂತೀರಿ? ಮಾತಾಡ್ರಲಾ, ಇವತ್ತ ಕೈಯಾಗ ಹಾಲಿಲ್ಲ!"

ನಾನು ನಕ್ಕೆ. ಆದರೆ ಆ ಮಾತಿಗೆ ನನ್ನ ಕಾಲು ಅಲ್ಲೇ ನಿಂತಿತು. ಮನೆಗೆ ಹೋಗುವ ಆ ಓಣಿಯಲ್ಲಿ, ಸೆರಗಿನ ಕೆಳಗೆ ಹಾಲಿನ ಬಾಟಲಿ ಹಿಡಿದುಕೊಂಡು, ಬಾಯಿ ಮುಚ್ಚಿಕೊಂಡು ನಡೆದ ಆ ಹತ್ತಿ ಸುಗ್ಗಿ ಪೂರಾ ಕಣ್ಣ ಮುಂದೆ ಬಂತು.

ಕನ್ನಡದ ಸೀಮೆಗಳೆಲ್ಲ ಒಂದೇ ರಾಜ್ಯವಾದ ಮೇಲಿನ ಮೊದಲ ಸುಗ್ಗಿ ಅದು. ಅಲ್ಲಿಯತನಕ ಮುಂಬಯಿಯ ಕಡೆಗೆ ಮುಖ ಮಾಡಿ ಕೂತಿದ್ದ ನಮ್ಮ ಊರು ಒಮ್ಮೆಲೇ ತಿರುಗಿ ಬೆಂಗಳೂರಿನ ಕಡೆಗೆ ನೋಡಬೇಕಾಗಿತ್ತು. ನಾನು ಧಾರವಾಡದಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಓದುವುದಕ್ಕೆಂದು ಪರೀಕ್ಷೆಯ ಮೊದಲು ರಜೆ ಕೊಟ್ಟಿದ್ದರು, ಪುಸ್ತಕಗಳ ಗಂಟು ಕಟ್ಟಿಕೊಂಡು ಊರಿಗೆ ಬಂದಿದ್ದೆ. ಗಂಟಿನಲ್ಲಿ ಪುಸ್ತಕದ ಜೊತೆ ಚರ್ಚಾಸ್ಪರ್ಧೆಯಲ್ಲಿ ಗೆದ್ದ ಒಂದು ಕಪ್ಪೂ ಇತ್ತು. ನಮ್ಮ ಆಯಿ, ಅಂದರೆ ನಮ್ಮಪ್ಪನ ತಾಯಿ, ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಕಪ್ಪ ಅಷ್ಟ ಕೊಟ್ಟಾರ, ಬಶಿ ಕೊಡಲಿಲ್ಲೇನ?" ಎಂದು ಕೇಳಿ ಅದರಲ್ಲಿ ಜೀರಿಗೆ ಹಾಕಿಟ್ಟಳು.

ಅಪ್ಪ ಅವ್ವ ಇಬ್ಬರೂ ಬೇಗ ಹೋದದ್ದರಿಂದ ಅಣ್ಣನನ್ನೂ ನನ್ನನ್ನೂ ಬೆಳೆಸಿದವಳು ಆಯಿ. ಅಣ್ಣನಿಗೆ ರೋಣದಲ್ಲೇ ಬಟ್ಟೆಯ ಅಂಗಡಿ. ಗಜೇಂದ್ರಗಡದ ನೇಕಾರರ ಮಗ್ಗದಿಂದ ಸೀರೆ ತಂದು ಮಾರುತ್ತಿದ್ದ. ಅವನ ಹೆಂಡತಿ, ನನ್ನ ವೈನಿಯ, ತವರು ನರಗುಂದ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂದು ಕುಬಸದ ಕಾರ್ಯ, ಅಂದರೆ ಸೀಮಂತ, ಮುಗಿಸಿ, ಒಳ್ಳೆಯ ದಿನ ನೋಡಿ ಕಳಿಸಬೇಕೆಂದು ಆಯಿ ಕಾಯುತ್ತಿದ್ದಳು. ಒಳ್ಳೆಯ ದಿನ ಎನ್ನುವುದು ಇದೆ ಎನ್ನುವುದಕ್ಕೆ ಆಧಾರ ಏನು ಎಂದು ನಾನು ಕೇಳುತ್ತಿದ್ದೆ. ನಮ್ಮಿಬ್ಬರ ವಾದ ಮುಗಿಯುವ ಮೊದಲೇ, ದಿನಕ್ಕಿಂತ ಎಷ್ಟೋ ಮುಂಚೆ, ಒಂದು ಮಧ್ಯಾಹ್ನ ವೈನಿ ಹೊಟ್ಟೆ ಹಿಡಿದುಕೊಂಡು ಕಣಜದ ಕೋಲಿಯ ಹೊಸ್ತಿಲ ಮೇಲೆ ಕೂತುಬಿಟ್ಟಳು. ಅಣ್ಣ ಗಜೇಂದ್ರಗಡದ ಸಂತೆಗೆ ಹೋಗಿದ್ದ. ಸರಕಾರಿ ದವಾಖಾನಿಯ ನರ್ಸಬಾಯಿಯನ್ನು ಕರೆತಂದವಳು ನಾನು.

ಮೊದಲು ಬಂದವನು ಗಂಡು. ಬಂದವನೇ ಓಣಿಗೆಲ್ಲಾ ಕೇಳುವಂತೆ ಚೀರಿದ. ಎಲ್ಲರೂ ಅವನ ಸುತ್ತ ಸೇರಿದಾಗ ನರ್ಸಬಾಯಿ, "ತಡೀರಿ, ಇನ್ನೊಂದೈತಿ!" ಎಂದಳು. ಆ ಇನ್ನೊಂದು ಹೆಣ್ಣು. ಅಳಲಿಲ್ಲ. ನನ್ನ ಅಂಗೈಗಿಂತ ಸ್ವಲ್ಪ ದೊಡ್ಡದು, ಬಣ್ಣ ನೇರಳೆ. ನರ್ಸಬಾಯಿ ಬೆನ್ನು ತಿಕ್ಕಿ, ಕಾಲಿಗೆ ತಟ್ಟಿ, ಬಾಯೊಳಗಿನದು ತೆಗೆದ ಮೇಲೆ ಬೆಕ್ಕಿನ ಮರಿಯ ಹಾಗೆ ಒಂದು ಸಣ್ಣ ಸಪ್ಪಳ ಬಂತು. ವೈನಿಗೆ ರಕ್ತ ಭಾಳ ಹೋಗಿತ್ತು, ಕಣ್ಣು ತೆರೆಯುವ ಶಕ್ತಿ ಇರಲಿಲ್ಲ. ಅವಳು ಮಗಳ ಮುಖ ನೋಡುವ ಮೊದಲೇ ನರ್ಸಬಾಯಿ ಕೂಸನ್ನು ತನ್ನ ಎದೆಗೆ ಒತ್ತಿಕೊಂಡು ಸೆರಗು ಮುಚ್ಚಿ ದವಾಖಾನಿಗೆ ಓಡಿದಳು. ನಾನು ಹಿಂದಿನಿಂದ ಓಡಿದೆ.

ದವಾಖಾನಿಯ ಡಾಕ್ಟರು ಹೊಸಬರು, ಮೈಸೂರಿನ ಕಡೆಯವರು. ರಾಜ್ಯ ಒಂದಾದದ್ದೇ ತಡ, ಇಲ್ಲಿಗೆ ವರ್ಗವಾಗಿ ಬಂದಿದ್ದರು. ಸಣ್ಣ ಆಳು, ದಪ್ಪ ಕನ್ನಡಕ, ಪುಸ್ತಕದಂಥ ಮಾತು. ಅವರು ಕೂಸನ್ನು ನೋಡಿದವರೇ ಔಷಧ ಇಡುವ ಸಣ್ಣ ಕೋಲಿಯನ್ನು ಖಾಲಿ ಮಾಡಿಸಿ, ಬಾಟಲಿಗಳು ಬರುವ ಕಟ್ಟಿಗೆಯ ಪೆಟ್ಟಿಗೆಯೊಂದನ್ನು ಮೇಜಿನ ಮೇಲೆ ಇಡಿಸಿದರು. ಗಾಜಿನ ಶೀಸೆಗಳಿಗೆ ಬಿಸಿನೀರು ತುಂಬಿ, ಅರಿವೆ ಸುತ್ತಿ, ಪೆಟ್ಟಿಗೆಯ ನಾಲ್ಕೂ ಬದಿಗೆ ಇಡಲು ಹೇಳಿದರು.

ನಾನು ವಾದಕ್ಕೆ ನಿಂತೆ. ಗದಗಿಗೆ ಒಯ್ಯಬೇಕು, ಹುಬ್ಬಳ್ಳಿಗೆ ಒಯ್ಯಬೇಕು, ಅಲ್ಲಿ ದೊಡ್ಡ ದವಾಖಾನಿಗಳಿವೆ, ಹತ್ತಿಯ ಲಾರಿಗಳು ದಿನಾ ಹೋಗುತ್ತವೆ, ಇಲ್ಲಿ ಏನಿದೆ, ವಿದ್ಯುತ್ ದೀಪ ಕೂಡ ಇಲ್ಲ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಡಾಕ್ಟರು ಕೈ ತೊಳೆಯುತ್ತಲೇ ಎಲ್ಲ ಕೇಳಿಸಿಕೊಂಡು ಹೇಳಿದರು.

"ನೀವು ಹೇಳೋದೆಲ್ಲ ಸರಿ, ತಂಗಿ. ಆದ್ರೆ ಈ ಮಗು ಲಾರಿಯ ಕುಲುಕಾಟ ತಡೆಯೋಲ್ಲ. ದಾರಿಯ ಗಾಳಿ ತಡೆಯೋಲ್ಲ. ಇದಕ್ಕೆ ಈಗ ಬೇಕಾಗಿರೋದು ಎರಡೇ, ಬಿಸಿ ಮತ್ತೆ ತಾಯಿಯ ಹಾಲು. ಹೀರುವ ಶಕ್ತಿ ಇಲ್ಲ, ಹನಿಹನಿಯಾಗಿ ಹಾಕ್ತೀವಿ. ಈ ವಾದದಲ್ಲಿ ನೀವು ಗೆದ್ರೆ ಮಗು ಸೋಲುತ್ತೆ."

ನಾನು ಸುಮ್ಮನಾದೆ. ಅವರಿಗೆ ಸೋತು ಸುಮ್ಮನಾದದ್ದಲ್ಲ. ಆ ಮನುಷ್ಯ ನನ್ನ ಒಂದೊಂದು ಮಾತಿಗೂ ಉತ್ತರ ಕೊಟ್ಟಿದ್ದರು. ನನಗೆ ಅಷ್ಟು ಸಾಕು. ಇವತ್ತಿಗೂ ನಾನು ಅವರನ್ನು ನೆನೆಯುವುದು ಮೊದಲು ಅದಕ್ಕೇ. "ನಿಮಗ ತಿಳಿಯೂದಿಲ್ಲ, ಹೊರಗ ಕೂಡ್ರಿ" ಎಂದು ಬಿಡಬಹುದಿತ್ತು, ಅನ್ನಲಿಲ್ಲ.

"ಬದುಕ್ತಾಳೇನ್ರಿ?" ಎಂದೆ.

"ನೋಡೋಣ" ಎಂದರು.

ಅವರಿಗೆ ಬೇಕಾದದ್ದು ಹತ್ತಿ. ಕಸ, ಕಾಳು, ಧೂಳು ಒಂದೂ ಇರದ ಮೆತ್ತನೆಯ ಹತ್ತಿ, ದಿನಾ ಬದಲಿಸುವುದಕ್ಕೆ ದಿನಾ ಹೊಸದು. ದವಾಖಾನಿಯಲ್ಲಿ ಇದ್ದದ್ದು ಗಾಯ ಒರೆಸುವ ನಾಲ್ಕು ಸುರುಳಿ. ಊರ ತುಂಬ ಹತ್ತಿ ಬಿದ್ದಿತ್ತು. ಅಸೂಟಿ, ಲಕ್ಕಲಕಟ್ಟಿಯಿಂದ ಬರುವ ಗಾಡಿಗಳು ಜಾಲಿಯ ಮುಳ್ಳಿಗೆಲ್ಲ ಬಿಳಿ ಹಚ್ಚಿ ಹೋಗುತ್ತಿದ್ದವು. ಆದರೆ ಕೂಸಿಗೆ ಹಾಸುವ ಹತ್ತಿ ಬೇರೆ. ನಾನು ದಾವಲಸಾಬರ ಅಂಗಡಿಗೆ ಹೋದೆ. ಅವರು ಅಸೂಟಿಯ ಗೌಡರ ಮಗಳ ಲಗ್ನದ ಗಾದಿಗೆ ಹತ್ತಿ ಪಿಂಜುತ್ತಿದ್ದರು. ಗೌಡರ ಆಳು ಎದುರಿಗೇ ಕೂತು ಲಗೂ ಮಾಡ್ರಿ, ಲಗೂ ಮಾಡ್ರಿ ಎಂದು ಗಂಟು ಬಿದ್ದಿದ್ದ. ನಾನು ವಿಷಯ ಹೇಳಿದೆ. ದಾವಲಸಾಬರು ಎದ್ದು, ಪಿಂಜಿದ ರಾಶಿಯ ನಡುವಿನ ಹತ್ತಿಯನ್ನೇ ಎರಡೂ ತೋಳಲ್ಲಿ ಬಾಚಿ ನನ್ನ ಸೆರಗಿಗೆ ಹಾಕಿದರು.

"ಅಯ್ಯ, ಅದು ನಮ್ಮ ಗಾದಿದರೀ!" ಎಂದ ಆಳು.

"ನಿಮ್ಮ ಗೌಡಗ ಹೇಳು, ಅವನ ಮಗಳಿಗೆ ಇನ್ನ ಕೂಸ ಹುಟ್ಟಿಲ್ಲ. ಈ ಕೂಸ ಹುಟ್ಟೇತಿ. ಯಾವುದು ಮೊದಲ?"

ಅಂದಿನಿಂದ ದಿನಾ ಮುಂಜಾನೆ ಮೊದಲು ಪಿಂಜಿದ ಹತ್ತಿ ನಮ್ಮ ಕೂಸಿನದು. ನಮ್ಮ ಹತ್ತಿಗೆ ಮೊದಲು ಅವರು ಕಮಾನು ಒರೆಸಿಕೊಳ್ಳುತ್ತಿದ್ದರು, ಅಂಗಡಿ ಗುಡಿಸುತ್ತಿದ್ದರು. ಬೇರೆ ಗಿರಾಕಿಯ ಹಳೆಯ ಗಾದಿಯ ಹತ್ತಿ ಅದರ ಹತ್ತಿರ ಸುಳಿಯಗೊಡುತ್ತಿರಲಿಲ್ಲ.

ಹಾಲಿನ ಕೆಲಸ ನನ್ನದಾಯಿತು. ವೈನಿ ಮಲಗಿದಲ್ಲೇ ಮಗನಿಗೆ ಒಂದು ಮಗ್ಗುಲಿಂದ ಕುಡಿಸಿ, ಇನ್ನೊಂದು ಮಗ್ಗುಲಿನದನ್ನು ಕುದಿಸಿ ಆರಿಸಿದ ಬಾಟಲಿಗೆ ಹಿಂಡಿ ಕೊಡುತ್ತಿದ್ದಳು. ನಾನು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಊರ ಈ ತುದಿಯಿಂದ ಆ ತುದಿಗೆ, ದಿನಕ್ಕೆ ಎಷ್ಟು ಸಲವೋ, ಒಯ್ಯಬೇಕು. ಆಯಿ ಒಂದು ಕಟ್ಟಳೆ ಹಾಕಿದಳು.

"ಹಾಲು ಒಯ್ಯುವಾಗ ಯಾರ ಕೂಡಾನೂ ಮಾತಾಡಬ್ಯಾಡ. ಯಾರರೆ ಕೇಳಿದ್ರೂ ಉತ್ತರ ಕೊಡಬ್ಯಾಡ. ದೃಷ್ಟಿ ಹಾಲಿಗೆ ಬೀಳತೈತಿ."

"ದೃಷ್ಟಿ ಅರಿವಿ ದಾಟಿ, ಗಾಜು ದಾಟಿ, ಹಾಲಿಗೆ ಹ್ಯಾಂಗ ಬೀಳತೈತಿ ಆಯಿ?"

"ನೀ ಧಾರವಾಡದಿಂದ ಕಲತು ಬಂದದ್ದು ನಿನ್ನ ಬುರುಡಿ ದಾಟಿ ತಲಿಗೆ ಬಿದ್ದಿಲ್ಲೇನು? ಹಂಗ."

ನಾನು ವಿಚಾರ ಮಾಡಿದೆ. ಮಾತಿಗೆ ನಿಂತರೆ ಹೊತ್ತಾಗುತ್ತದೆ. ಹೊತ್ತಾದರೆ ಬಿಸಿಲಿಗೆ ಹಾಲು ಕೆಡುತ್ತದೆ. ಆದ್ದರಿಂದ ಮಾತಾಡದಿರುವುದು ಸರಿ. ಆಯಿಯ ಕಾರಣ ಬೇರೆ, ನನ್ನ ಕಾರಣ ಬೇರೆ, ನಡೆಯುವ ದಾರಿ ಒಂದೇ. ಹೀಗೆ ನನ್ನ ಮನಸ್ಸಿಗೆ ಒಪ್ಪಂದ ಬರೆಸಿ, ಆ ಸುಗ್ಗಿ ಪೂರಾ ರೋಣದ ಓಣಿಗಳಲ್ಲಿ ಮೂಕಿಯಾಗಿ ನಡೆದೆ. ಶಾಲೆಯ ದಿನಗಳಿಂದ ನನ್ನ ಬಾಯಿ ಕಂಡು ಅಂಜಿದ್ದ ಊರಿಗೆ ಇದೊಂದು ಹಬ್ಬ. ಕಟ್ಟೆಯ ಮೇಲೆ ಕೂತವರು ಬೇಕೆಂದೇ ಕೇಳುತ್ತಿದ್ದರು: "ಏನವಾ, ದೇವರು ಇದ್ದಾನೋ ಇಲ್ಲೋ?" ನಾನು ಹಲ್ಲು ಕಚ್ಚಿ ಮುಂದೆ ಹೋಗುತ್ತಿದ್ದೆ. ದಾವಲಸಾಬರು ಮಾತ್ರ ಏನೂ ಕೇಳದೆ ಕಮಾನಿನ ನರವನ್ನು ಒಮ್ಮೆ ಟೊಂಯ್ ಎನ್ನಿಸುತ್ತಿದ್ದರು. ಅದಕ್ಕೆ ಉತ್ತರ ಕೊಡಬೇಕಾಗಿರಲಿಲ್ಲ.

ತಿರುಗಿ ಬಂದಾಗ ವೈನಿ ಗೋಡೆಯ ಕಡೆ ಮುಖ ಮಾಡಿ ಕೇಳುತ್ತಿದ್ದಳು.

"ಏನಂದ್ರು?"

"ನೋಡೋಣ ಅಂದ್ರು."

"ನಿನ್ನೇನೂ ಅದನ್ನ ಅಂದಿದ್ರು." ಪಕ್ಕದಲ್ಲಿ ಮಲಗಿದ್ದ ಮಗನ ಕಡೆ ಹೊರಳಿ, "ಮಾರಿ ಹ್ಯಾಂಗೈತಿ ಹೇಳು. ಇವನ ಹಂಗ ಐತೇನು?"

ಕೈ ತೊಳೆದುಕೊಂಡು, ಒಗೆದ ಅರಿವೆ ಹೊದ್ದು ಪೆಟ್ಟಿಗೆಯ ತನಕ ಹೋಗಲು ಡಾಕ್ಟರು ನಮ್ಮ ಮನೆಯಲ್ಲಿ ನನಗೊಬ್ಬಳಿಗೆ ಬಿಟ್ಟಿದ್ದರು. ಹೀಗಾಗಿ ವೈನಿಗೆ ತನ್ನ ಮಗಳು ಎಂದರೆ ನನ್ನ ಮಾತು. ನಾನು ಇಲ್ಲದ್ದನ್ನು ಹೇಳುವವಳಲ್ಲ. "ಇವನ ಹಂಗ ಇಲ್ಲ. ಮೂಗು ನಿಂದು. ಹಣೀಮ್ಯಾಲೆ ಗೆರಿ ಅದಾವ. ಎದುರಿನವರು ತಪ್ಪು ಮಾತಾಡಿದಾಗ ನಾ ಹ್ಯಾಂಗ ಹುಬ್ಬು ಗಂಟು ಹಾಕತೀನಿ, ಹಂಗ ಮಲಗ್ಯಾಳ" ಎಂದೆ. ವೈನಿ ಮೊದಲ ಸಲ ನಕ್ಕಳು. "ಹಂಗಾದ್ರ ಲಗೂ ಸೋಲೂದಿಲ್ಲ ಬಿಡು" ಎಂದಳು.

ಮನೆಗೆ ಬರುವ ಹೆಂಗಸರು ಸಮಾಧಾನ ಹೇಳುವ ರೀತಿಯೇ ಬೇರೆ. ಎದುರುಮನೆಯ ನೀಲಗಂಗಮ್ಮ ಗಂಡುಕೂಸಿನ ಗಲ್ಲ ಹಿಂಡಿ, "ಗಂಡು ಗಟ್ಟಿ ಐತಲ್ಲ, ಅಷ್ಟ ಸಾಕು. ಅದು ಹೆಂಗೂ ಎರಡನೇದು" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಆಯಿ ಮೊರ ಕೆಳಗಿಟ್ಟಳು.

"ಯಾರವಾ ಎರಡನೇದು? ಮೊದಲ ಒಳಗ ಹೋದಾಕಿ ಆಕಿ. ಮೊದಲ ಹೋದವರು ಒಳಗ ಹಿಂದ ಕೂಡತಾರ, ಕಡೀಗೆ ಬರತಾರ. ಆಕಿ ಈ ಮನಿ ಹಿರೇಮಗಳು. ತಮ್ಮನ್ನ ಮುಂದ ಕಳಿಸ್ಯಾಳ, ಬಾಗಲಾ ತೆರಿ ಅಂತ."

ಇದು ಶರೀರಶಾಸ್ತ್ರವೇ ಅಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಮೊದಲು ಹೊರಗೆ ಬಂದವನೇ ಹಿರಿಯ ಎಂದು ನಾನು ಆಯಿಯ ಜೊತೆ ಹಿಂದಿನ ದಿನವಷ್ಟೇ ಜಗಳಾಡಿದ್ದೆ. ಆ ದಿನ ನೀಲಗಂಗಮ್ಮನ ಮುಖ ನೋಡಿ, "ಹೌದ್ರಿ, ಆಯಿ ಹೇಳೂದು ಖರೇ ಐತಿ" ಎಂದೆ. ಯಾವ ಪಕ್ಷಕ್ಕೆ ನಿಂತರೂ ಮಾತಾಡುವುದನ್ನು ಕಲಿತದ್ದು ಅಲ್ಲೊಂದು ಕಡೆ ಕೆಲಸಕ್ಕೆ ಬಂತು.

ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಹತ್ತಿರ ಬಂತು. ಗಂಡಿಗಷ್ಟೇ ಹೆಸರಿಡಿ, ಇನ್ನೊಂದು ಉಳಿದು ಬಂದರೆ ಆಮೇಲೆ ನೋಡೋಣ ಎಂದರು ಬಂದವರೆಲ್ಲ. ವೈನಿ ಒಂದೇ ಮಾತಿನಲ್ಲಿ ಹೇಳಿದಳು: "ಇಟ್ರ ಇಬ್ಬರಿಗೂ ಇಡ್ರಿ. ಇಲ್ಲಂದ್ರ ಇವನೂ ಹೆಸರಿಲ್ಲದ ಇರಲಿ." ಕೂಸು ತೊಟ್ಟಿಲಿಗೆ ಬರುವಂತಿರಲಿಲ್ಲ, ತೊಟ್ಟಿಲು ಕೂಸಿನ ಹತ್ತಿರ ಹೋಗುವಂತಿರಲಿಲ್ಲ. ಆಯಿ ವಿಚಾರ ಮಾಡಿ ದಾರಿ ತೆಗೆದಳು.

ನಮ್ಮಲ್ಲಿ ಕೂಸಿಗಿಂತ ಮೊದಲು ತೊಟ್ಟಿಲಿಗೆ ಹೋಗುವುದು ಗುಂಡಕಲ್ಲು. ಖಾರ ಅರೆಯುವ ಒರಳಿನ ಕಲ್ಲನ್ನು ತೊಳೆದು, ಎಣ್ಣೆ ಹಚ್ಚಿ, ಕೂಸಿನ ಕುಂಚಿಗೆ ತೊಡಿಸಿ, ತೊಟ್ಟಿಲ ಕೆಳಗಿಂದ ಒಬ್ಬರು ಕೊಟ್ಟು ಮೇಲಿಂದ ಒಬ್ಬರು ತೆಗೆದುಕೊಂಡು, ಮಲಗಿಸಿ ತೂಗುತ್ತಾರೆ. ಕೂಸು ಕಲ್ಲಿನ ಹಾಗೆ ಗಟ್ಟಿ ಇರಲಿ ಎಂದು. ಆಮೇಲೆ ಕಲ್ಲು ತೆಗೆದು ಕೂಸನ್ನು ಹಾಕುತ್ತಾರೆ. ಈ ಸಲ ಕಲ್ಲು ತೆಗೆಯುವುದು ಬೇಡ, ತಮ್ಮನ ಪಕ್ಕದಲ್ಲಿ ಅಕ್ಕನ ಜಾಗದಲ್ಲಿ ಅದು ಇರಲಿ, ಹೆಸರನ್ನು ಅದರ ಕಿವಿಯಲ್ಲೇ ಹೇಳಬೇಕು ಎಂದಳು ಆಯಿ. ಹೇಳಬೇಕಾದವಳು ನಾನು, ಯಾಕೆಂದರೆ ಹೆಸರಿಡುವ ಹಕ್ಕು ಸೋದರತ್ತೆಯದು.

"ಕಲ್ಲಿಗೆ ಕಿವಿ ಎಲ್ಲೈತಿ ಆಯಿ?"

"ಕೂಸಿಗೆ ಐತಲ್ಲ. ಅದಕ್ಕರೆ ನೀ ಹೇಳಿದ್ದು ತಿಳಿತೈತೇನು?"

ಈ ಪ್ರಶ್ನೆಗೆ ಧಾರವಾಡದ ಯಾವ ವೇದಿಕೆಯಲ್ಲೂ ನಾನು ತಯಾರಾಗಿರಲಿಲ್ಲ. ಆದರೂ ಪಟ್ಟು ಬಿಡಲಿಲ್ಲ. ತಮ್ಮನಿಗೆ ಹೇಳುತ್ತೇನೆ, ಕಲ್ಲಿಗೆ ಹೇಳುವುದಿಲ್ಲ. ಹುಡುಗಿಗೆ ಸುಧಾ ಎನ್ನುವ ಚಂದದ ಹೆಸರು ತೆಗೆದಿಟ್ಟಿದ್ದೇನೆ, ಅವಳು ಮನೆಗೆ ಬಂದ ದಿನ ಅವಳ ಕಿವಿಯಲ್ಲೇ ಹೇಳುತ್ತೇನೆ. "ನೀ ಹೇಳ್ತಿ" ಎಂದಳು ಆಯಿ, ಅಕ್ಕಿ ಆರಿಸುತ್ತ.

ತೊಟ್ಟಿಲ ದಿನ ಮುಂಜಾನೆ ಗುಗ್ಗರಿ ಬೇಯುತ್ತಿತ್ತು. ತೊಟ್ಟಿಲಿಗೆ ಅಣ್ಣ ಗಜೇಂದ್ರಗಡದಿಂದ ತಂದ ಹೊಸ ಸೀರೆ ಕಟ್ಟಿದ್ದೆವು. ನನಗೆ ಕೈ ಬಿಡುವಿರಲಿಲ್ಲವೆಂದು ಹತ್ತಿ ಒಯ್ದು ಕೊಟ್ಟು, ಕೇಳಿ ಬರಲು ಅಣ್ಣ ಹೋಗಿದ್ದ. ತಿರುಗಿ ಬಂದವನು ಚಪ್ಪಲಿ ಬಿಡದೆ ಅಂಗಳದಲ್ಲೇ ನಿಂತ. ನಾಲ್ಕು ಮಾತು ಒಟ್ಟಿಗೆ ಆಡುವ ಮನುಷ್ಯ ಅಲ್ಲ ನಮ್ಮಣ್ಣ.

"ಏನಂದ್ರೋ?" ಎಂದಳು ಆಯಿ.

"ಸುಮಾರ ಐತಂತ."

ನಮ್ಮ ಕಡೆ ಜೋಳ ಸುಮಾರ ಐತಿ ಎಂದರೆ ಕೊಳ್ಳಬೇಡ ಎಂದು. ಮನುಷ್ಯ ಸುಮಾರ ಅದಾನ ಎಂದರೆ ದೂರದ ಊರಿನವರಿಗೆ ಹೇಳಿ ಕಳಿಸು ಎಂದು. ಇಷ್ಟು ದಿನ "ನೋಡೋಣ" ಬಿಟ್ಟು ಬೇರೆ ಏನೂ ಹೇಳದ ಡಾಕ್ಟರು ಇವತ್ತು ಬೇರೆ ಮಾತು ಹೇಳಿದ್ದರು. ಅದು ಈ ಮಾತು. ಇಲ್ಲಿ ಕಾಯಬೇಡಿ, ಮನೆಗೆ ಹೋಗಿ ಎಂದೂ ಅಂದರಂತೆ.

ಹೆಂಗಸರು ಹಾಡುತ್ತಿದ್ದದ್ದು ನಿಂತಿತು. ನೀಲಗಂಗಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ವೈನಿ ಅಳಲಿಲ್ಲ. ಕೈಯಲ್ಲಿದ್ದ ಬಾಟಲಿಗೆ ಹಾಲು ಹಿಂಡುವುದನ್ನು ನಿಲ್ಲಿಸಲೂ ಇಲ್ಲ. ಒಳಗಿನಿಂದ ಆ ಸಣ್ಣ ಸಪ್ಪಳವಷ್ಟೇ ಕೇಳುತ್ತಿತ್ತು.

ಆಯಿ ಕುಂಚಿಗೆ ತೊಡಿಸಿದ ಗುಂಡಕಲ್ಲನ್ನು ತಂದು ನನ್ನ ಕೈಗೆ ಕೊಟ್ಟಳು. ವಾದ ಮಾಡಲಿಲ್ಲ. "ಹೆಸರಿಲ್ಲದ ಹೋಗಬಾರದವಾ" ಎಂದಳು ಅಷ್ಟೇ.

ಮೊದಲು ತಮ್ಮನನ್ನು ಎತ್ತಿ ಕಿವಿಯಲ್ಲಿ ಕುರ್ರ್ ಎಂದೆ, ನಮ್ಮ ಅಜ್ಜನ ಹೆಸರು ಹೇಳಿದೆ, ಶಿವಪ್ಪ. ಆಮೇಲೆ ಕಲ್ಲನ್ನು ಎತ್ತಿದೆ. ಕೂಸಿಗಿಂತ ಎಷ್ಟೋ ಭಾರ ಇತ್ತು ಅದು. ಪೆಟ್ಟಿಗೆಯೊಳಗಿನ ಆ ಜೀವ ತೂಕವೇ ಇಲ್ಲದ್ದು. ಎಣ್ಣೆ ಹಚ್ಚಿದ ಕಲ್ಲು ನನ್ನ ತುಟಿಗೆ ತಣ್ಣಗೆ ತಾಗಿತು. ಸುಧಾ ಎಂಬ ಹೆಸರು ನಾಲಿಗೆಯ ಮೇಲೇ ಇತ್ತು. ಹಗುರಾದ ಹೆಸರು, ಹಾರಿ ಹೋಗುವಂಥ ಹೆಸರು ಎನ್ನಿಸಿತು. ಹೆಸರಿಗೆ ತೂಕ ಇರುತ್ತದೆಯೇ? ಇರುವುದಿಲ್ಲ. ಗೊತ್ತಿದ್ದೂ ಕುರ್ರ್ ಎಂದೆ, "ಕಲ್ಲವ್ವ" ಎಂದೆ.

ಹೆಸರಿಟ್ಟ ಅತ್ತೆಯ ಬೆನ್ನಿಗೆ ಎಲ್ಲರೂ ಗುದ್ದುವುದು ನಮ್ಮ ರೂಢಿ. ಶಿವಪ್ಪನಿಗಾಗಿ ಗುದ್ದಿದ್ದರು. ಕಲ್ಲವ್ವನಿಗೆ ಯಾರ ಕೈಯೂ ಮೇಲೆ ಏಳಲಿಲ್ಲ. ಆಗ ಆಯಿ ಮುಂದೆ ಬಂದು, ಆ ವಯಸ್ಸಿನಲ್ಲಿ ಅಷ್ಟು ಬಲ ಎಲ್ಲಿತ್ತೋ, ನನ್ನ ಬೆನ್ನಿಗೆ ಧಡ್ ಎಂದು ಒಂದು ಕೊಟ್ಟಳು.

"ಹೆಸರಿಟ್ಟಾಕಿಗೆ ಗುದ್ದಬೇಕು. ಯಾಕ ನಿಂತೀರಿ ಎಲ್ಲಾರೂ? ಗುದ್ದ್ರಿ!"

ಗುದ್ದಿದರು. ಅಳುತ್ತ ಗುದ್ದಿದರು. ನಾನೂ ಅಳುತ್ತಿದ್ದೆ, ಅದನ್ನು ಗುದ್ದಿನ ಲೆಕ್ಕಕ್ಕೆ ಹಾಕಿದೆ.

ಒಳಗಿನಿಂದ ವೈನಿ ಕರೆದಳು. ಬಾಟಲಿ ಮುಂದೆ ಹಿಡಿದಿದ್ದಳು.

"ಹಾಲು ಒಯ್ಯಿ."

ನಾನು ನಿಂತೇ ಇದ್ದೆ.

"ಒಯ್ಯಿ ಅಂದ್ನಿ. ಸುಮಾರ ಇದ್ದವರಿಗೆ ಹಸಿವಿ ಇರೂದಿಲ್ಲೇನು?"

ಆ ದಿನ ಓಣಿಯಲ್ಲಿ ಯಾರೂ ಏನೂ ಕೇಳಲಿಲ್ಲ. ನನ್ನ ಮುಖ ಕಂಡು ದಾವಲಸಾಬರು ಕಮಾನು ನಿಲ್ಲಿಸಿ, ತಲೆಯ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ನಿಂತರು. ದವಾಖಾನಿಯ ಮೆಟ್ಟಿಲು ಹತ್ತುವಾಗ ಒಳಗೆ ಅಳು ಕೇಳುತ್ತದೆಯೇನೋ ಎಂದು ಕಿವಿ ಕೊಟ್ಟೆ. ಕೇಳಿಸಿದ್ದು ಡಾಕ್ಟರ ನಗು.

"ಬನ್ನಿ, ಬನ್ನಿ! ಬೇಗ ತನ್ನಿ ಹಾಲು. ನಿಮ್ಮ ಸೋದರಸೊಸೆ ಇವತ್ತು ನರ್ಸ್ ಬೆರಳು ಹಿಡ್ಕೊಂಡು ಹೀರಿದಾಳೆ! ಮೊದಲನೇ ಸಲ! ನಾಳೆಯಿಂದ ಚಮಚದಲ್ಲಿ ಕೊಟ್ಟು ನೋಡೋದು."

ನಾನು ಬಾಗಿಲಲ್ಲೇ ನಿಂತೆ.

"ಮತ್ತ ಮುಂಜಾನೆ ಅಣ್ಣಗ..."

"ಹೇಳಿದೆನಲ್ಲ ನಿಮ್ಮಣ್ಣನಿಗೆ, ಸುಮಾರಾಗಿದೆ ಅಂತ."

"ಸುಮಾರ ಐತಿ ಅಂತ ಹೇಳಿ ಮ್ಯಾಲೆ ನಗ್ತೀರಲ್ರಿ! ನಿಮಗೇನರೆ ಮನಶ್ಯಾತನ ಐತೇನ್ರಿ?"

ಡಾಕ್ಟರು ಕಣ್ಣು ಪಿಳಿಪಿಳಿ ಮಾಡಿ ನರ್ಸಬಾಯಿಯನ್ನು ನೋಡಿದರು. ನರ್ಸಬಾಯಿಗೆ ಮೊದಲು ಹೊಳೆಯಿತು. ಹಣೆಗೆ ಹೊಡೆದುಕೊಂಡು, "ಅಯ್ಯ ಸಾಹೇಬರ, ಹಂಗ ಅಂದ್ರೇನು? ನಮ್ಮಲ್ಲಿ ಸುಮಾರ ಅಂದ್ರ ಕೆಟ್ಟೈತಿ ಅಂತ್ರಿ!" ಎಂದಳು. ಡಾಕ್ಟರ ಮುಖ ಬಿಳಿಚಿತು. ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. "ನಮ್ಮಲ್ಲಿ ಸುಮಾರಾಗಿದೆ ಅಂದ್ರೆ ಪರವಾಗಿಲ್ಲ, ಅಡ್ಡಿಯಿಲ್ಲ ಅಂತ... ಅಯ್ಯೋ, ಮನೆಯಲ್ಲಿ ಏನಂದುಕೊಂಡರೋ! ತಾಯಿ ಬಾಣಂತಿ! ಓಡಿ ತಂಗಿ, ಮೊದಲು ಹೋಗಿ ಹೇಳಿ!"

ಒಂದೇ ಭಾಷೆಯವರು ಒಂದೇ ರಾಜ್ಯದಲ್ಲಿರಬೇಕು ಎಂದು ವೇದಿಕೆಯ ಮೇಲೆ ಎಷ್ಟು ಸಲ ಗಂಟಲು ಹರಿದುಕೊಂಡಿದ್ದೆನೋ! ಆ ಒಂದೇ ಭಾಷೆಯ ಒಂದೇ ಶಬ್ದ ನಮ್ಮ ಮನೆಯ ಹಾಡು ನಿಲ್ಲಿಸಿತ್ತು. ಬಾಟಲಿ ಕೊಟ್ಟು ಓಡಿದೆ. ಕೈಯಲ್ಲಿ ಹಾಲಿರಲಿಲ್ಲ, ಆಯಿಯ ಕಟ್ಟಳೆಯೂ ಇರಲಿಲ್ಲ. ಕಂಡಕಂಡವರಿಗೆ ಕೂಗಿ ಹೇಳಿದೆ, ಕೇಳದವರಿಗೂ ಹೇಳಿದೆ. ದಾವಲಸಾಬರು ಟೊಪ್ಪಿಗೆ ಹಾಕಿಕೊಂಡು ಒಳಗೆ ಹೋಗಿ ಕಮಾನನ್ನು ಎಷ್ಟು ಜೋರಾಗಿ ಬಾರಿಸಿದರೆಂದರೆ ಹತ್ತಿ ರಸ್ತೆಯ ತನಕ ಹಾರಿತು. ಮನೆಯಲ್ಲಿ ನಾನು ಹೇಳಿ ಮುಗಿಸಿದಾಗ ಎಲ್ಲರೂ ಅಣ್ಣನ ಮೇಲೆ ಬಿದ್ದರು. ಅವನು, "ಅವರು ಅಂದದ್ದನ್ನ ನಾ ಅಂದೆ" ಎಂದ, ಅದು ನಿಜವೂ ಆಗಿತ್ತು. ವೈನಿ ನಗುತ್ತ ನಗುತ್ತ ಅಳು ಶುರು ಮಾಡಿದಳು. ಇಷ್ಟು ದಿನದ್ದೆಲ್ಲ ಅತ್ತಳು. ಯಾರೂ ತಡೆಯಲಿಲ್ಲ.

ಬೇವು ಹೂ ಬಿಡುವ ಹೊತ್ತಿಗೆ ಕಲ್ಲವ್ವ ಮನೆಗೆ ಬಂದಳು. ನರ್ಸಬಾಯಿಯೇ ಹತ್ತಿಯಲ್ಲಿ ಸುತ್ತಿ ತಂದು ವೈನಿಯ ಮಡಿಲಿಗೆ ಹಾಕಿದಳು. ವೈನಿ ಬೆರಳಿನಿಂದ ಅವಳ ಹಣೆ ಸವರಿ ಸವರಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಗೆರಿ ಹಂಗ ಅದಾವ ನೋಡು, ನೀ ಹೇಳಿದ್ದ ಖರೇ ಐತಿ" ಎಂದಳು. ಯಾವ ತೀರ್ಪುಗಾರರೂ ನನಗೆ ಅಂಥ ಮಾತು ಹೇಳಿಲ್ಲ.

ನಾನು ಆಗ ಒಂದು ತಕರಾರು ತೆಗೆದೆ. ಹೆಸರಿಟ್ಟದ್ದು ಕಲ್ಲಿಗೆ, ಕೂಸಿಗಲ್ಲ. ತಪ್ಪು ಸುದ್ದಿಯ ಆಧಾರದ ಮೇಲೆ ಇಟ್ಟದ್ದು. ಆದ್ದರಿಂದ ಅದು ರದ್ದು, ಈಗ ಸುಧಾ ಎಂದು ಇಡೋಣ. ಆಯಿ ಕೇಳಿಕೊಂಡಳು.

"ಆಗಲಿ. ಮೊದಲ ನೀ ತಿಂದ ಗುದ್ದು ವಾಪಸ ಕೊಡು."

ಹೆಸರು ಹಾಗೇ ಉಳಿಯಿತು.

ದೇವರು ಉಳಿಸಿದ ಎನ್ನುತ್ತಾಳೆ ಆಯಿ. ಕೃತಜ್ಞತೆಯ ಬಗ್ಗೆ ನನ್ನ ತಕರಾರು ಒಂದೇ, ವಿಳಾಸ ಸರಿಯಾಗಿರಬೇಕು. ಉಳಿಸಿದ್ದು ಬಿಸಿನೀರಿನ ಶೀಸೆ, ಸಾಬೂನು, ಪಿಂಜಿದ ಹತ್ತಿ, ಹನಿಹನಿ ಹಾಲು. ಶೀಸೆಯ ನೀರು ಆರಗೊಡದ ನರ್ಸಬಾಯಿ, ಊಟ ಬಿಟ್ಟು ಪೆಟ್ಟಿಗೆಯ ಮುಂದೆ ಕೂತ ಆ ಮೈಸೂರಿನವರು, ಗೌಡರ ಗಾದಿಯ ಹತ್ತಿ ಬಾಚಿ ಕೊಟ್ಟ ದಾವಲಸಾಬರು, ಕೆಟ್ಟ ಸುದ್ದಿ ಕೇಳಿಯೂ ಹಾಲು ಹಿಂಡುವುದನ್ನು ನಿಲ್ಲಿಸದ ವೈನಿ. ಇವರೆಲ್ಲರ ಮನೆ ನನಗೆ ಗೊತ್ತು, ಹೋಗಿ ಕೈ ಮುಗಿಯಬಹುದು. ಕಲ್ಲಿನ ಪಾಲು ಏನೂ ಇಲ್ಲ. ಇದರಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೂ ಆ ದಿನ ಆ ಭಾರವನ್ನು ಎತ್ತಿ ಹಿಡಿದುಕೊಳ್ಳಲು ನನ್ನ ಕೈಗೆ ಏನಾದರೂ ಬೇಕಾಗಿತ್ತು, ಆಯಿ ಅದನ್ನು ಕೊಟ್ಟಳು. ಅವಳ ವಿಳಾಸವೂ ಈ ಪಟ್ಟಿಯಲ್ಲಿದೆ.

ಈ ಸಲ ನಾನು ಬಂದದ್ದು ಅಕ್ಕ ತಮ್ಮ ಇಬ್ಬರ ಜವಳಕ್ಕೆ, ಮೊದಲ ಕೂದಲು ತೆಗೆಸುವ ಕಾರ್ಯಕ್ಕೆ. ಡಾಕ್ಟರಿಗೆ ತಮ್ಮ ಕಡೆಗೆ ವರ್ಗವಾಗಿತ್ತು, ಹೊರಡುವ ಮೊದಲು ಊಟಕ್ಕೆ ಬಂದಿದ್ದರು. ಈಗ ಅವರು ಧಾರಾಳವಾಗಿ "ಚಲೋ ಐತ್ರಿ" ಎನ್ನುತ್ತಾರೆ, ಉಚ್ಚಾರ ಮಾತ್ರ ಇನ್ನೂ ಕಾವೇರಿಯದು. ಅಂಗಳದಲ್ಲಿ ನಿಂತು ಆಯಿಯನ್ನು ಕೇಳಿದರು:

"ಹ್ಯಾಂಗದಾಳ್ರಿ ಅಮ್ಮಾ, ನಮ್ಮ ಕಲ್ಲವ್ವ?"

ಆಯಿ ಸೆರಗು ಸರಿ ಮಾಡಿಕೊಂಡು, ಇಡೀ ಓಣಿಗೆ ಕೇಳುವಂತೆ, ಅವರ ಶಬ್ದವನ್ನು ಅವರಿಗೇ ಮರ್ಯಾದೆಯಿಂದ ಒಪ್ಪಿಸಿದಳು.

"ಸುಮಾರ ಅದಾಳ್ರಿ ಸಾಹೇಬರ! ಭಾಳ ಅಂದ್ರ ಭಾಳ ಸುಮಾರ ಅದಾಳ!"

ಪಕ್ಕದಲ್ಲಿ ಕೂತಿದ್ದ ನರಗುಂದದ ಬೀಗತಿ ಎದೆಯ ಮೇಲೆ ಕೈಯಿಟ್ಟು, "ಯವ್ವಾ, ಏನಾಗೇತ್ರಿ ಕೂಸಿಗೆ?" ಎಂದು ಚೀರಿದಳು. ಅವಳಿಗೆ ಉತ್ತರ ಕೊಡಲು ನಮ್ಮಲ್ಲಿ ಯಾರಿಗೂ ನಗು ಬಿಡಲಿಲ್ಲ. ಕಲ್ಲವ್ವ ನಡುವೆ ನಿಂತು, ತಮ್ಮನ ಕೈಯೊಳಗಿನ ಉಂಡಿ ತನ್ನದು ಎಂದು ಹಣೆ ಗಂಟು ಹಾಕಿ ವಾದ ನಡೆಸಿದ್ದಳು. ಎಣ್ಣೆ ಹಚ್ಚಿದ ಅವಳ ಬೋಳುತಲೆ ಬಿಸಿಲಿಗೆ ಗುಂಡಕಲ್ಲಿನ ಹಾಗೆ ಮಿರಿಮಿರಿ ಮಿಂಚುತ್ತಿತ್ತು.